ಫಾರ್ಮೆಟ್ ಹೊಡವ ಮದಲು ರಜ್ಜ ಕೆಮಿ ಕೊಡಿ

"ಒಂದು ಫಾರ್ಮೆಟ್ ಹೊಡೆದ್ರೆ ಎಲ್ಲ ಸರಿ ಆಗ್ತದೆ ಅಕ್ಕಾ."

ಈ ಮಾತು ಕೇಳಿರೆ ಎನಗೆ ಈಗ ಪಿಸುರು ಬತ್ತು. ಮದಲು ಬಂದೊಂಡಿತ್ತಿಲ್ಲೆ. ಮದಲು ಆನುದೇ ಎಲ್ಲೋರ ಹಾಂಗೆ ತಲೆ ಆಡಿಸಿ, ಪೈಸೆ ಕೊಟ್ಟು, ಚೀಲ ಹಿಡ್ಕೊಂಡು ಬಸ್ಸು ಹತ್ತಿದೋಳೇ. ಅದಕ್ಕೇ ಈ ಶುದ್ದಿಯ ಬರವಲೆ ಕೂದ್ದು. ಎನ್ನ ಹಾಂಗೆ ತಲೆ ಆಡಿಸುವೋರು ನಮ್ಮಲ್ಲಿ ಸುಮಾರು ಜೆನ ಇದ್ದವು.

ಎಂಗಳ ಮನೆಲಿಪ್ಪದು ಮಗ ಇಂಜಿನಿಯರಿಂಗಿಂಗೆ ಸೇರಿಪ್ಪಗ, 2014ರಲ್ಲಿ ತೆಗದ ಲ್ಯಾಪ್‌ಟಾಪು. ಅವ ಬೆಂಗ್ಳೂರಿಂಗೆ ಕೆಲಸಕ್ಕೆ ಹೋದ ಮೇಲೆ ಅವಂಗೆ ಕಂಪೆನಿಯೋರು ಬೇರೆ ಕೊಟ್ಟವು, ಇದು ಚಾವಡಿಯ ಕರೆಲಿ ಒಳುದತ್ತು. ಆನು ಕನ್ನಡ ಟೈಪು ಮಾಡ್ಲೆ ಕಲ್ತದು ಅದರಲ್ಲೇ. ಯಜಮಾನ್ರ ಅಡಕ್ಕೆ ಲೆಕ್ಕ ಅದರಲ್ಲಿ, ಮಗಳ ಮದುವೆಯ ಪಟಂಗೊ ಅದರಲ್ಲಿ. ಎಲ್ಲದರಿಂದ ಹೆಚ್ಚು, ಅತ್ತೆಯ ಸೊರ ಅದರಲ್ಲಿ.

ಅತ್ತೆ ಹೊತ್ತೋಪಗ ಜೆಗಿಲಿಲಿ ಕೂದೊಂಡು ಬತ್ತಿ ಹೊಸವಗ ಆನು ಫೋನಿನ ಹತ್ರೆ ಮಡುಗಿ ಅವರತ್ರೆ ಒಂದೊಂದೇ ಕೇಳಿಂಡಿತ್ತೆ. ಯೇವ ಕೊಡಿಯ ತಂಬುಳಿಗೆ ಎಂತ ಹಾಕೆಕ್ಕು, ಬಾಳಂತಿಗೆ ಎಂತ ಕೊಡ್ಲಕ್ಕು ಎಂತ ಕೊಡ್ಲಾಗ, ಮದುವೆಲಿ ಹೆಮ್ಮಕ್ಕೊ ಹೇಳ್ತ ಶೋಭಾನೆಗೊ. ಒಟ್ಟು 43 ತುಂಡು ಆತು. ಫೋನಿಲಿ ಜಾಗೆ ಇಲ್ಲೆ ಹೇಳಿ ಮಗ ಊರಿಂಗೆ ಬಂದಿಪ್ಪಗ ಅದರ ಲ್ಯಾಪ್‌ಟಾಪಿಂಗೆ ಹಾಕಿ, ಫೋನಿಂದ ಉದ್ದಿದ. 2019ರಲ್ಲಿ ಅತ್ತೆ ತೀರಿಗೊಂಡವು.

ಕಳುದ ಒರಿಶ ಆಟಿಲಿ ಸುರು ಆತು. ಲ್ಯಾಪ್‌ಟಾಪು ಎದ್ದು ಬಪ್ಪಲೆ ಹತ್ತು ನಿಮಿಷ; ಅದೇನೂ ಹೊಸ ಸಂಗತಿ ಅಲ್ಲ. ಹೊಸತ್ತು ಎಂತ ಹೇಳಿರೆ, ಮದುವೆ ಪಟಂಗಳ ಒಂದೊಂದೇ ನೋಡಿಂಡು ಹೋಪಗ ಒಂದು ಜಾಗೆಲಿ ಬಂದು ನಿಂಬದು. ಅದರಿಂದ ಹಿಂದಾಣ ಪಟ ಲಾಯಕಲ್ಲಿ ಬತ್ತು, ಮುಂದಾಣದ್ದುದೇ ಬತ್ತು. ಎಡೆಲಿಪ್ಪ ಹತ್ತು ಹದಿನೈದು ಪಟಕ್ಕೆ ಬಂದಪ್ಪಗ ಇಡೀ ಲ್ಯಾಪ್‌ಟಾಪೇ ಕಲ್ಲಿನ ಹಾಂಗೆ. ಅಷ್ಟಪ್ಪಗ ಒಳಂದ ಒಂದು ಶಬ್ದ. ಟಕ್... ಟಕ್... ಟಕ್. ಗೋಡೆ ಗಡಿಯಾರದ ಮುಳ್ಳು ಒಂದೇ ದಿಕ್ಕೆ ಸಿಕ್ಕಿಬಿದ್ದು ಹೊಡಕ್ಕೊಂಬ ಹಾಂಗೆ.

ಯಜಮಾನ್ರ ಹತ್ರೆ ಹೇಳಿದೆ. "ಹತ್ತು ಒರಿಶ ಆತಿಲ್ಲೆಯೋ, ಹಳತ್ತಾದ ಮೇಲೆ ಶಬ್ದ ಬಾರದ್ದೆ ಇರ್ತೋ? ಎನ್ನ ಮೊಳಪ್ಪಿಂದಲೂ ಬತ್ತು" ಹೇಳಿದವು.

ಮಗನತ್ರೆ ಫೋನಿಲಿ ಹೇಳಿದೆ. "ಅಮ್ಮಾ, ಅದಕ್ಕೆ ವಿಂಡೋಸ್ ಹತ್ತು ಭಾರ ಆತು, ನಿನಗೆ ಅದೆಲ್ಲ ಗೊಂತಾಗ. ಪೇಟೆಗೆ ಕೊಂಡೋಗಿ ಫಾರ್ಮೆಟ್ ಮಾಡ್ಸು" ಹೇಳಿದ.

ಪೇಟೆಯ ಅಂಗಡಿಲಿ ಒಬ್ಬ ಮಾಣಿ ಇತ್ತಿದ್ದ. ಶಬ್ದ ಬತ್ತು ಹೇಳಿದೆ. ಮುಚ್ಚಲು ಬಿಡುಸಿ ನೋಡಿದ, ಕೆಮಿ ಕೊಟ್ಟಿದಾ ಇಲ್ಲೆ. "ಅದು ಫ್ಯಾನ್ ಅಕ್ಕಾ. ವಿಂಡೋಸ್ ಕರಪ್ಟ್ ಆಗಿದೆ. ಡೇಟಾ ಬೇಕಾ?" ಕೇಳಿದ. ಬೇಕೇ ಬೇಕು ಹೇಳಿದೆ. "ಹಾಗಾದ್ರೆ ಸಿ ಡ್ರೈವಿನದ್ದು ಎಲ್ಲ ಡಿ ಡ್ರೈವಿಗೆ ಹಾಕ್ತೇನೆ, ಡಿ ಮುಟ್ಟುದಿಲ್ಲ. ಹೆದರ್ಬೇಡಿ" ಹೇಳಿದ. ಆನು ಹೆದರಿದ್ದಿಲ್ಲೆ. ಅಲ್ಲಿಯೇ ತಪ್ಪಿತ್ತು.

ಎರಡು ದಿನ ಕಳುದು ತಂದಪ್ಪಗ ಲ್ಯಾಪ್‌ಟಾಪು ಓಡಿಂಡಿತ್ತು. "ನೋಡು, ಆನು ಹೇಳಿದ್ದಿಲ್ಲೆಯೋ" ಹೇಳಿ ಯಜಮಾನ್ರುದೇ ಮಗನುದೇ ಒಂದೇ ಸೊರಲ್ಲಿ ಹೇಳಿದವು. ಹಾಂಗೆ ಓಡಿದ್ದು ಆರು ವಾರ. ಮತ್ತೆ ಒಂದು ಉದಿಯಪ್ಪಗ ಒತ್ತಿರೆ ಕಪ್ಪು ಪರದೆ, ಅದರಲ್ಲಿ ಬೂಟ್ ಡಿವೈಸ್ ಇಲ್ಲೆ ಹೇಳಿ ಒಂದು ಗೆರೆ ಇಂಗ್ಲೀಷು. ಒಳಂದ ಅದೇ ಟಕ್, ಟಕ್, ಟಕ್. ಸಿ ಡ್ರೈವುದೇ ಇಲ್ಲೆ, ಡಿ ಡ್ರೈವುದೇ ಇಲ್ಲೆ.

ಇದಿಷ್ಟು ಕತೆ. ಇನ್ನು ಎನ್ನ ಜಗಳ.

ಮದಲಾಣ ಜಗಳ ಈ ಸಿ, ಡಿ ಹೇಳುವದರ ಮೇಲೆ. ಎಷ್ಟು ಮನೆಲಿ "ಪಟ ಎಲ್ಲ ಡಿ ಡ್ರೈವಿಲಿ ಜಾಗ್ರತೆ ಇದ್ದು" ಹೇಳಿ ನೆಮ್ಮದಿಲಿ ಒರಗುತ್ತವು! ಸಿ ಹೇಳಿದರೂ ಡಿ ಹೇಳಿದರೂ ಎಂಗಳದ್ದರಂತಹ ಲ್ಯಾಪ್‌ಟಾಪಿಲಿ ಇಪ್ಪದು ಒಂದೇ ಹಾರ್ಡ್ ಡಿಸ್ಕು. ಅದರ ಎರಡು ಪಾಲು ಮಾಡಿ ಎರಡು ಹೆಸರು ಮಡುಗಿದ್ದು, ಅಷ್ಟೆ. ಒಂದೇ ಭರಣಿಯ ನೆಡುಕೆ ಬಾಳೆಲೆ ಮಡುಗಿ ಅಡಿಲಿ ಮೆಡಿ ಉಪ್ಪಿನಕಾಯಿ, ಮೇಗೆ ನಿಂಬೆ ಉಪ್ಪಿನಕಾಯಿ ಹಾಕಿದ ಹಾಂಗೆ. ಭರಣಿ ಒಡದರೆ ಎರಡೂ ಹೋತು. ಒಡವಲೆ ಬಿರುಕು ಬಿಟ್ಟ ಭರಣಿಯ ಮೇಗಾಣದ್ದರ ಅಡಿಯಂಗೆ ಇಳುಶಿ "ಇನ್ನು ಹೆದರೆಡಿ" ಹೇಳುದು ಎಂತ ಜಾಣತನ?

ಎರಡ್ನೇ ಜಗಳ ಫಾರ್ಮೆಟಿನ ಮೇಲೆ. ಪೇಟೆಲಿ ಸಾಧಾರಣ ಮಾಡುವ ಬೇಗದ ಫಾರ್ಮೆಟ್ ಹೇಳಿರೆ ಡಿಸ್ಕಿನ ರಿಪೇರಿ ಅಲ್ಲ. ಪುಸ್ತಕದ ಪರಿವಿಡಿಯ ಹರುದು ಇಡುಕ್ಕಿ ಹೊಸ ಪರಿವಿಡಿ ಅಂಟಿಸಿದ ಹಾಂಗೆ. ಒರಳೆ ತಿಂದ ಪುಟ ಒರಳೆ ತಿಂದ ಹಾಂಗೇ ಇರ್ತು. ಹೊಸ ವಿಂಡೋಸು ಲಾಯಕಿನ ಜಾಗೆಲಿ ಕೂದರೆ ರಜ್ಜ ದಿನ ಬೀಸಕ್ಕೆ ಓಡುಗು, ಎಂಗಳದ್ದು ಓಡಿದ ಹಾಂಗೆ. ಅದು ಗುಣ ಆದ್ದಲ್ಲ, ಜ್ವರದ ಮಾತ್ರೆಲಿ ಇಳುದ್ದು. ಅದಲ್ಲದ್ದೆ ಹೊಸ ವಿಂಡೋಸು ಹತ್ತಿಪ್ಪತ್ತು ಜೀಬಿ ಬರವದು ಹಳೆ ಫೈಲುಗೊ ಇದ್ದ ಜಾಗೆಯ ಮೇಗೆಯೇ. ಮತ್ತೆ ಆರಾರು ಹುಡ್ಕಿ ತೆಗವಲೆ ಹೆರಟರೂ ಅದರ ಅಡಿಲಿ ಬಿದ್ದದು ಸಿಕ್ಕ. ಬಚ್ಚಿದ ಡಿಸ್ಕಿಂಗೆ ಹೊಸ ಹೊರೆಯುದೇ ಆತು.

ಅಂಗಡಿಯೋರ ಹೊಡೆಂದಲೂ ಒಂದು ಮಾತು ಹೇಳೆಕ್ಕು, ಇಲ್ಲದ್ದರೆ ನ್ಯಾಯ ಅಲ್ಲ. ನಿಧಾನ ಆದ ಲ್ಯಾಪ್‌ಟಾಪೆಲ್ಲ ಡಿಸ್ಕು ಹಾಳಾದ್ದಲ್ಲ. ರ‍್ಯಾಮು ಕಮ್ಮಿ ಇದ್ದರುದೇ ನಿಧಾನ, ವಿಂಡೋಸು ಅಪ್‌ಡೇಟು ಮಾಡಿಂಡಿದ್ದರುದೇ ನಿಧಾನ, ವೈರಸ್ ನೋಡ್ತ ಸಾಫ್ಟ್‌ವೇರು ಹುಡ್ಕಿಂಡಿದ್ದರುದೇ ನಿಧಾನ. ಟಾಸ್ಕ್ ಮ್ಯಾನೇಜರಿಲಿ ಡಿಸ್ಕು 100 ಶೇಕಡ ಹೇಳಿ ಕೆಂಪು ಕಂಡ ಕೂಡ್ಲೆ ಬೊಬ್ಬೆ ಹಾಕೆಕ್ಕು ಹೇಳಿ ಇಲ್ಲೆ. ನಮ್ಮೋರುದೇ ಕಮ್ಮಿ ಇಲ್ಲೆ, ಪರೀಕ್ಷೆ ಮಾಡ್ತೆ ಹೇಳಿ ನೂರು ರೂಪಾಯಿ ಕೇಳಿರೆ "ನೋಡ್ಲೆ ಎಂತರ ಪೈಸೆ?" ಹೇಳಿ ಚರ್ಚೆ ಮಾಡ್ತವು. ಇದೆಲ್ಲ ಅಪ್ಪು. ಆದರೆ ಸೆಮ್ಮ ಎಲ್ಲ ಕ್ಷಯ ಅಲ್ಲ ಹೇಳಿಗೊಂಡು ಡಾಕ್ಟ್ರು ಎದೆಗೆ ಕೊಳವೆ ಮಡುಗದ್ದೆ ಮದ್ದು ಬರದರೆ ಅಕ್ಕೋ?

ಅಂಬಗ ಯೇವದು ಬರೇ ನಿಧಾನ, ಯೇವದು ಡಿಸ್ಕಿನ ರೋಗ? ಪಿಯುಸಿವರೆಗೆ ಓದಿದ ಎನಗೆ ಅರ್ಥ ಆದ ಹಾಂಗೆ ಹೇಳ್ತೆ.

ಆ ಡಿಸ್ಕಿನ ಒಳ ಕನ್ನಾಟಿಯಷ್ಟು ನೊಂಪಿನ ತಟ್ಟೆ ಇದ್ದು. ಲ್ಯಾಪ್‌ಟಾಪಿಂದು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತು. ಅದರ ಓದುವ ತಲೆ ತಟ್ಟೆಯ ಮುಟ್ಟದ್ದೆ ಮೇಗಂದ ಹಾರುತ್ತು; ಎರಡರ ಎಡಕ್ಕಿಲಿ ಇಪ್ಪ ಜಾಗೆ ನಮ್ಮ ತಲೆಕೂದಲಿನ ದಪ್ಪದ ಸಾವಿರಲ್ಲಿ ಒಂದು ಪಾಲುದೇ ಇಲ್ಲೆ. ಆ ತಲೆಗೆ ತನ್ನ ಜಾಗೆ ಸಿಕ್ಕದ್ದರೆ ಹಿಂದೆ ಬಂದು ಪುನಃ ಹೋವುತ್ತು, ಪುನಃ ಬತ್ತು. ಆ ಹೋಪದು ಬಪ್ಪದೇ ಟಕ್ ಟಕ್. ಲ್ಯಾಪ್‌ಟಾಪು ಬಂದ್ ಮಾಡುವಗ ಒಂದರಿ ಟಕ್ ಹೇಳಿರೆ ಅದು ತಲೆ ಕರೆಂಗೆ ಹೋಗಿ ಮನುಗಿದ್ದು, ಸಾರ ಇಲ್ಲೆ. ಒಂದೇ ತಾಳಲ್ಲಿ ಬಿಡದ್ದೆ ಬಂದರೆ ಅದು ಫ್ಯಾನು ಅಲ್ಲ. ಫ್ಯಾನು ಗರ್ ಹೇಳುಗು, ಕುಟ್ಟ.

ಮತ್ತೆ, ಬರೇ ನಿಧಾನ ಆದರೆ ಎಲ್ಲವೂ ನಿಧಾನ. ಡಿಸ್ಕಿನ ರೋಗ ಆದರೆ ಕೆಲವೇ ಫೈಲಿಂಗೆ ಬಂದಪ್ಪಗ ನಿಂಬದು, ನಿನ್ನೆ ಇದ್ದ ಫೋಲ್ಡರು ಇಂದು ಕಾಣದ್ದೆ ಅಪ್ಪದು, ಪಟದ ಅರ್ಧ ಬೂದು ಬಣ್ಣ ಅಪ್ಪದು, ಕಾಪಿ ಮಾಡುವಗ ಎಡೆಲಿ ಎರರ್ ಬಪ್ಪದು. ಇದರಲ್ಲಿ ಒಂದು ಕಂಡರೂ ಸಂಶಯ ಪಡೆಕ್ಕು. ಎನಗೆ ಎರಡು ಕಂಡಿತ್ತು, ಶಬ್ದವುದೇ ಕೇಳಿತ್ತು.

ಕಣ್ಣಿಲಿ ನೋಡ್ತ ಪರೀಕ್ಷೆಯುದೇ ಇದ್ದು, ಐದು ನಿಮಿಷದ್ದು. ಸ್ಮಾರ್ಟ್ ಹೇಳ್ತವು ಅದಕ್ಕೆ. ಡಿಸ್ಕು ತನ್ನ ಆರೋಗ್ಯವ ತಾನೇ ಬರದು ಮಡುಗುವ ಲೆಕ್ಕ ಅದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹೇಳುವ ಸಾಫ್ಟ್‌ವೇರು ಧರ್ಮಕ್ಕೇ ಸಿಕ್ಕುತ್ತು. ಅದರಲ್ಲಿ ನೀಲಿಲಿ ಗುಡ್, ಹಳದಿಲಿ ಕಾಶನ್, ಕೆಂಪಿಲಿ ಬ್ಯಾಡ್ ಹೇಳಿ ಬತ್ತು. ಬಣ್ಣ ನೋಡಿ ಮುಚ್ಚೆಡಿ. ಕೆಳ ಪಟ್ಟಿಲಿ 05, ಸಿ5, ಸಿ6 ಹೇಳಿ ಮೂರು ಗೆರೆ ಇದ್ದು. ಅವರ ಎದುರು ರಾ ವ್ಯಾಲ್ಯೂ ಹೇಳುವ ಕಡೆ ಪೂರ ಸೊನ್ನೆ ಇರೆಕ್ಕು. ಅದು ಹದಿನಾರರ ಲೆಕ್ಕ, ಹಾಂಗಾಗಿ ಎಡೆಲಿ ಇಂಗ್ಲೀಷು ಅಕ್ಷರವುದೇ ಬಕ್ಕು. ಸೊನ್ನೆ ಅಲ್ಲದ್ದು ಎಂತ ಕಂಡರೂ ಲೆಕ್ಕಕ್ಕೆ ಇದ್ದು.

05 ಹೇಳಿರೆ ಹಾಳಾದ ಜಾಗೆಯ ಬಿಟ್ಟು ಬದಲಿ ಜಾಗೆ ಕೊಟ್ಟದರ ಲೆಕ್ಕ. ಊಟದ ಹಂತಿಲಿ ಹರುದ ಎಲೆ ತೆಗದು ಬೇರೆ ಎಲೆ ಹಾಕಿದ ಹಾಂಗೆ. ಒಂದೆರಡು ಹರುದು ಅಲ್ಲಿಗೇ ನಿಂದರೆ ಸುಧಾರ್ಸುಗು. ವಾರ ವಾರ ಹೆಚ್ಚಾದರೆ ಎಲೆಕಟ್ಟವೇ ಹಾಳು ಹೇಳಿ ತಿಳ್ಕೊಳೆಕ್ಕು. ಸಿ5 ಹೇಳಿರೆ ಓದುಲೆ ಎಡಿಯದ್ದೆ ಇನ್ನೂ ತೀರ್ಮಾನ ಆಗದ್ದ ಜಾಗೆ. ಸಿ6 ಹೇಳಿರೆ ಪರೀಕ್ಷೆ ಮಾಡಿಯಪ್ಪಗ ಸರಿ ಮಾಡ್ಲೆಡಿಯ ಹೇಳಿ ಕಂಡ ಜಾಗೆ.

ಇಲ್ಲಿ ಎನ್ನ ಮೂರ್ನೇ ಜಗಳ. ಇದರ ನೋಡಿದ ಕೆಲವು ಜೆನ "ಗುಡ್ ಹೇಳಿ ಇದ್ದಲ್ಲದಾ, ಮತ್ತೆಂತ?" ಹೇಳ್ತವು. 2007ರಲ್ಲಿ ಗೂಗಲ್ಲಿನೋರು ತಮ್ಮ ಒಂದು ಲಕ್ಷಂದಲೂ ಹೆಚ್ಚು ಡಿಸ್ಕುಗಳ ಲೆಕ್ಕ ನೋಡಿ ಒಂದು ವರದಿ ಬರದ್ದವು. ಹಾಳಾದ ಡಿಸ್ಕುಗಳಲ್ಲಿ ಅರ್ಧಂದ ಹೆಚ್ಚಿಂಗೆ ಮುಖ್ಯ ನಾಲ್ಕು ಸೂಚನೆಲಿ ಒಂದೂ ಕಂಡಿದಿಲ್ಲೆ! ಅದೇ ವರದಿಲಿ ಇನ್ನೊಂದು ಮಾತುದೇ ಇದ್ದು: ಸ್ಕ್ಯಾನ್ ಎರರ್ ಒಂದರಿ ಕಂಡ ಡಿಸ್ಕು ಮತ್ತಾಣ 60 ದಿನಲ್ಲಿ ಸಾವ ಸಾಧ್ಯತೆ, ಅದು ಕಾಣದ್ದ ಡಿಸ್ಕಿಂದ 39 ಪಾಲು ಹೆಚ್ಚು. ಅರ್ಥ ಎಂತ ಹೇಳಿರೆ, ಡಿಸ್ಕು "ಎನಗೆ ಎಡಿತ್ತಿಲ್ಲೆ" ಹೇಳಿರೆ ಕೂಡ್ಲೆ ನಂಬೆಕ್ಕು. "ಆನು ಲಾಯಕಿದ್ದೆ" ಹೇಳಿರೆ ನಂಬಿ ಕೂಬಲಾಗ. ನಮ್ಮ ಮನೆಯ ಹೆಮ್ಮಕ್ಕಳ ಹಾಂಗೇ ಅದುದೇ. ಬಿದ್ದು ಹೋಪನ್ನಾರ ಲಾಯಕಿದ್ದೆ ಹೇಳುಗು.

ಹಾಂಗಾಗಿ ಎನ್ನ ಒಂದೇ ಒತ್ತಾಯ: ಸಂಶಯ ಬಂದರೆ ಮದಲು ತೆಗದು ಮಡುಗಿ, ಮತ್ತೆ ಪರೀಕ್ಷೆ ಮಾಡಿ, ರಿಪೇರಿ ಅಕೇರಿಗೆ. ಈ ಕ್ರಮ ತಪ್ಪುಲಾಗ. ಮಾಡಿಗೆ ಕಿಚ್ಚು ಹಿಡುದ ಸಂಶಯ ಇದ್ದರೆ ತೊಟ್ಲಿನ ಮಗುವ ಮದಲು ಹೆರ ತತ್ತು, ಕಿಚ್ಚು ಎಲ್ಲಿಂದ ಹಿಡುದತ್ತು ಹೇಳಿ ಮತ್ತೆ ನೋಡ್ತು. ತೆಗವದರಲ್ಲಿಯೂ ಕ್ರಮ ಇದ್ದು. ಸಿನೆಮ, ಸಾಫ್ಟ್‌ವೇರು ಹೋದರೆ ಪುನಃ ಸಿಕ್ಕುಗು. ಬೇರೆಲ್ಲಿಯೂ ಇಲ್ಲದ್ದು ಯೇವದು, ಅದರ ಮದಲು ತೆಗೇಕು, ಹೆರಾಣ ಬೇರೆ ಡಿಸ್ಕಿಂಗೆ. ಒಂದು ಫೈಲು ಕಾಪಿ ಆಗದ್ದೆ ನಿಂದರೆ ಅದಕ್ಕೇ ನೂರು ಸರ್ತಿ ಬಡಿವಲಾಗ. ಬಿಟ್ಟು ಮುಂದಾಣದ್ದಕ್ಕೆ ಹೋಯೆಕ್ಕು.

ಕ್ರಮ ತಪ್ಪುಸುವೋರು ಸುಮಾರು ಜೆನ ಸಿಕ್ಕುಗು. ಚೆಕ್‌ಡಿಸ್ಕ್ ಹಾಕಿ ಹೇಳುಗು ಒಬ್ಬ. ಅದು ಇಡೀ ಡಿಸ್ಕಿನ ಗಂಟೆಗಟ್ಳೆ ಓದುಸುವ ಕೆಲಸ, ಅದರೆಡೆಲಿ ಫೈಲುಗಳನ್ನುದೇ ಅತ್ತಿತ್ತೆ ಮಾಡುಗು. ತೆಗದು ಮಡುಗಿದ ಮೇಲೆ ಬೇಕಾರೆ ಹಾಕಿ, ಮದಲು ಹಾಕೆಡಿ. ಡಿಸ್ಕಿನ ಬಿಡುಸಿ ಒಳ ನೋಡುವೊ ಹೇಳುಗು ಇನ್ನೊಬ್ಬ. ಕೂದಲಿಂದಲೂ ಸಣ್ಣ ಎಡಕ್ಕಿನ ಕತೆ ಮೇಲೆ ಹೇಳಿದ್ದೆನ್ನೆ, ನಮ್ಮ ಚಾವಡಿಯ ಒಂದು ಕಣ ಧೂಳು ಸಾಕು ಅದಕ್ಕೆ.

ಎನಗೆ ನೆಗೆ ಬಂದ್ದದು ನೆರೆಕರೆಯ ಒಬ್ಬ ಹೇಳಿದ್ದಕ್ಕೆ. ಡಿಸ್ಕಿನ ಪ್ಲಾಸ್ಟಿಕಿಲಿ ಸುತ್ತಿ ಒಂದಿರುಳು ಫ್ರೀಜರಿಲಿ ಮಡುಗೆಕ್ಕಡ, ಜೀವ ಬತ್ತಡ! ಫ್ರೀಜರು ಎನ್ನ ರಾಜ್ಯ. ಅಲ್ಲಿಂದ ಹೆರ ತೆಗದ ಪಾತ್ರಕ್ಕೆ ಎರಡು ನಿಮಿಷಲ್ಲಿ ಬೆಗರಿಳಿತ್ತು, ಅದುದೇ ನಮ್ಮೂರ ಮಳೆಗಾಲಲ್ಲಿ. ಆ ನೀರು ಕನ್ನಾಟಿಯಂಥ ತಟ್ಟೆಯ ಮೇಲೆ ಇಳುದರೆ ಎಂತಕ್ಕು? ಇಷ್ಟು ಗೊಂತಪ್ಪಲೆ ಕಂಪ್ಯೂಟರು ಕಲಿಯೆಡ, ಒಂದರಿ ಹಸಿ ಬಟಾಣಿ ತೆಗದರೆ ಸಾಕು.

ಇನ್ನೊಂದು ಜಗಳ ಒಳುದ್ದು. ಅದು ಎಲ್ಲದರಿಂದ ದೊಡ್ಡದು: "ನಿನಗೆ ಗೊಂತಾಗ."

ಮಿಕ್ಸಿಯ ಬೇರಿಂಗು ಹೋಪ ವಾರ ಮದಲೇ ಎನಗೆ ಗೊಂತಾವುತ್ತು. ತೋಟದ ಪಂಪು ನೀರಿಲ್ಲದ್ದೆ ಓಡಿದರೆ ಒಲೆಬುಡಂದ ಆನು ಬೊಬ್ಬೆ ಹಾಕುತ್ತೆ, ಅಷ್ಟಪ್ಪಗ ಇಡೀ ಮನೆ ನಂಬುತ್ತು. ಹಟ್ಟಿಲಿ ದನ ಉಸುಲು ಎಳವದು ಬೇರೆ ಆದರೆ ಇರುಳು ಎದ್ದು ಹೋಪದು ಆನೇ. ಎಲ್ಲದಕ್ಕೂ ಈ ಕೆಮಿ ಅಕ್ಕು, ಲ್ಯಾಪ್‌ಟಾಪಿಂಗೆ ಮಾಂತ್ರ ಆಗ! ಮೂರು ಜೆನರತ್ರೆ ಮೂರು ಸರ್ತಿ "ಶಬ್ದ ಬತ್ತು" ಹೇಳಿದೆ. ಮೂರು ಜೆನವುದೇ ಕೆಮಿ ಕೊಡದ್ದೆ ಉತ್ತರ ಕೊಟ್ಟವು. ಒಬ್ಬಂಗೆ ಇಂಜಿನಿಯರಿಂಗು ಡಿಗ್ರಿ ಇತ್ತು, ಒಬ್ಬಂಗೆ ಅಂಗಡಿ ಇತ್ತು, ಇನ್ನೊಬ್ಬಂಗೆ ಮೊಳಪ್ಪು ಬೇನೆ ಇತ್ತು. ನಾಲ್ಕನೆಯೋಳು ಆನು. ಎನಗೆ ಕೇಳಿದ್ದರ ಆನೇ ನಂಬದ್ದೆ ಚೀಲ ಹಿಡ್ಕೊಂಡು ಹೋದೆ. ಅವರ ಬೈವ ಮದಲು ಎನ್ನ ಬೈಯೆಕ್ಕು.

ಅಕೇರಿಗೆ ಅಕ್ಕನ ಮಗ ಬಂದ. ಅವಂಗೆ ಈ ಕೆಲಸ ಅರಡಿತ್ತು. ಡಿಸ್ಕಿನ ಬಿಡುಸಿ ತೆಗದು, ಒಂದು ಕೇಬುಲಿಲಿ ಅವನ ಕಂಪ್ಯೂಟರಿಂಗೆ ಸಿಕ್ಕುಸಿ, ಮದಲು ಲಾಯಕಿನ ಜಾಗೆಯೆಲ್ಲ ಓದಿ, ಹಾಳಾದ್ದದರ ಕಡೇಂಗೆ ಮುಟ್ಟುವ ಸಾಫ್ಟ್‌ವೇರು ಹಾಕಿದ. ನಾಲ್ಕು ಇರುಳು ಓಡಿತ್ತು ಅದು. ಹಲಸಿನಹಣ್ಣಿಲಿ ಒಳ್ಳೆ ಸೊಳೆ ಮದಲು ಬಿಡುಸಿ, ಕೊಳದ ಹೊಡೆಗೆ ಮತ್ತೆ ಕೈ ಹಾಕಿದ ಹಾಂಗೆ. ಮದುವೆ ಪಟ ಹೆಚ್ಚಿಂದುದೇ ಸಿಕ್ಕಿತ್ತು. ಅಡಕ್ಕೆ ಲೆಕ್ಕ ಸಿಕ್ಕಿತ್ತು. ಅತ್ತೆಯ 43ರಲ್ಲಿ 29 ಸಿಕ್ಕಿತ್ತು. "ಅತ್ತೇ, ಫಾರ್ಮೆಟಿಂದ ಮದಲೇ ಕೊಟ್ಟಿದ್ದರೆ ಇನ್ನೂ ರಜ್ಜ ಸಿಕ್ಕುತ್ತಿತೋ ಏನೋ" ಹೇಳಿದ. ಆನು ಎಂತದೂ ಹೇಳಿದ್ದಿಲ್ಲೆ.

ಸಿಕ್ಕಿದ 29ರಲ್ಲಿ ಒಂದು ಅರ್ಧಲ್ಲಿ ನಿಲ್ಲುತ್ತು. ಬಾಳಂತಿಗೆ ಕೊಡುವ ಒಂದು ತಂಬುಳಿ. ಕೊಡಿ ಬಾಡುಸುದು, ತುಪ್ಪಲ್ಲಿ ಹೊರಿವದು, ಕಡವದು ಎಲ್ಲ ಹೇಳಿಕ್ಕಿ ಅತ್ತೆ "ಮತ್ತೆ ಅದಕ್ಕೆ ರಜ್ಜ" ಹೇಳ್ತವು. ಅಲ್ಲಿಗೆ ಮುಗುತ್ತು. ರಜ್ಜ ಎಂತರ? ಯಜಮಾನ್ರು ಗೆಣಮೆಣಸು ಹೇಳ್ತವು, ಆನು ಓಮ ಹೇಳ್ತೆ. ಮಗಳು ಈಗ ಬಸರಿ. ಇನ್ನು ಮೂರು ತಿಂಗಳಿಲಿ ಎನಗೆ ಆ ತಂಬುಳಿ ಮಾಡೆಕ್ಕು. ಕೇಳ್ಲೆ ಆರಿದ್ದವು?

ಹಳೆ ಲ್ಯಾಪ್‌ಟಾಪಿಂಗೆ ಈಗ ಹೊಸ ಎಸ್ಸೆಸ್ಡಿ ಹಾಕಿದ್ದು. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲೆ, ಶಬ್ದವುದೇ ಇಲ್ಲೆ. ಹಾಳಪ್ಪಗಳೂ ಶಬ್ದ ಮಾಡ, ಎನ್ನ ಕೆಮಿಗೆ ಅಲ್ಲಿ ಕೆಲಸ ಇಲ್ಲೆ. ಹಾಂಗಾಗಿ ಸಂಶಯಕ್ಕೆ ಕಾಯದ್ದೆ, ತಿಂಗಳ ಸುರುವಿಂಗೆ ಒಂದರಿ ಹೆರಾಣ ಡಿಸ್ಕಿಂಗೆ ಎಲ್ಲ ಹಾಕುತ್ತೆ. ಅತ್ತೆಯ ಸೊರದ ಇನ್ನೊಂದು ಪ್ರತಿ ಮಗಳ ಮನೆಲಿ ಇದ್ದು, ಮತ್ತೊಂದು ಮಗನ ಹತ್ರೆ. "ಒಂದಕ್ಕೆ ಮೂರು ಎಂತಕೆ ಅಮ್ಮಾ?" ಕೇಳಿದ ಅವ. ಒಂದೇ ಇದ್ದದು ಎಂತಾತು ಹೇಳಿ ನಿನಗೆ ಗೊಂತಿದ್ದನ್ನೆ ಹೇಳಿದೆ.

ನಿಂಗಳ ಮನೆಲಿಯೂ ಒಂದು ಹಳೆ ಲ್ಯಾಪ್‌ಟಾಪು ಇಕ್ಕು, ಅದರಲ್ಲಿ ಆರದ್ದಾರು ಪಟವೋ ಸೊರವೋ ಇಕ್ಕು. ಇದರ ಓದಿ ಆದ ಕೂಡ್ಲೆ ಅದರ ಒತ್ತಿ, ಟೀವಿ ಬಂದ್ ಮಾಡಿ, ಎರಡು ನಿಮಿಷ ಕೆಮಿ ಕೊಡಿ. ಶಬ್ದ ಬಂದರೂ ಬಾರದ್ದರೂ, ಒರಗುವ ಮದಲು ಬೇರೆಲ್ಲಿಯೂ ಇಲ್ಲದ್ದರ ತೆಗದು ಮಡುಗಿ. ಆರಾರು "ನಿನಗೆ ಗೊಂತಾಗ" ಹೇಳಿರೆ ಈ ಶುದ್ದಿಯ ಓದುಲೆ ಕೊಡಿ.

ಮತ್ತೆ, ಆ ತಂಬುಳಿಗೆ ಅಕೇರಿಗೆ "ರಜ್ಜ" ಎಂತ ಹಾಕುದು ಹೇಳಿ ನಿಂಗಳ ಪೈಕಿ ಆರಿಂಗಾರು ಗೊಂತಿದ್ದರೆ ಎನಗೆ ಹೇಳಿಕ್ಕಿ.